ನಮ್ಮ ಕಲ್ಯಾಣದಲ್ಲಿದ್ದ ಹಮೀದಾ ಬಾನು

1982ರಲ್ಲಿ ಗದಗದಿಂದ ಕೆಲಸ ಹುಡುಕಿಕೊಂಡು ಬಂದಾಗ ನನಗೆ ಮೊದಲು ಸಿಕ್ಕಿದ್ದು ಕಲ್ಯಾಣದಲ್ಲಿ ಒಂದು ಖೋಲಿ. ನಾಲ್ಕು ಜನ ಸೇರಿ ಬಾಡಿಗೆ ಹಂಚಿಕೊಂಡಿದ್ದೆವು. ಬೆಳಿಗ್ಗೆ ಐದೂವರೆಗೆ ಎದ್ದು, ಹಾಲು ತಂದು, ಚಹಾ ಕುಡಿದು ಲೋಕಲ್ ಹಿಡಿಯುವುದು. ಐದು ವರ್ಷ ಹೀಗೇ ಕಳೆಯಿತು. ಆಮೇಲೆ ಮದುವೆ, ಡೊಂಬಿವಲಿಯಲ್ಲಿ ಮನೆ. ಮುಂದಿನದು ಮುಂಬಯಿ ಕನ್ನಡಿಗರೆಲ್ಲರ ಕತೆಯೇ ಬಿಡಿ!

ಈ ಹಳೆಯದೆಲ್ಲ ನೆನಪಾಗಲು ಕಾರಣವಿದೆ. 2024ರ ಮೇ 4ರಂದು ಏನೋ ಹುಡುಕಲು ಗೂಗಲ್ ತೆರೆದರೆ ಅಲ್ಲಿ ಒಬ್ಬ ಪೈಲ್ವಾನ್ ಹೆಂಗಸಿನ ಚಿತ್ರ. ಯಾರಪ್ಪಾ ಇದು ಎಂದು ಒತ್ತಿ ನೋಡಿದೆ. ಹಮೀದಾ ಬಾನು, ಭಾರತದ ಮೊದಲ ವೃತ್ತಿಪರ ಮಹಿಳಾ ಕುಸ್ತಿಪಟು ಎಂದಿತ್ತು. ಓದುತ್ತಾ ಹೋದೆ. ಕೊನೆಗೆ ಬಂದಾಗ ಎದೆ ಧಸಕ್ಕೆಂದಿತು. ಆಕೆ ಕೊನೆಯ ವರ್ಷಗಳನ್ನು ಕಳೆದದ್ದು ಕಲ್ಯಾಣದಲ್ಲಿ. ಹಾಲು ಮಾರಿ, ತಿಂಡಿ ಮಾರಿ ಬದುಕಿದ್ದಳು. ತೀರಿಕೊಂಡದ್ದು 1986ರಲ್ಲಿ. ಅಂದರೆ ನಾನು ಅಲ್ಲೇ ಇದ್ದೆ!

ಕತೆಯನ್ನು ಮೊದಲಿನಿಂದ ಹೇಳುತ್ತೇನೆ.

ಹಮೀದಾ ಹುಟ್ಟಿದ್ದು ಉತ್ತರ ಪ್ರದೇಶದ ಮಿರ್ಜಾಪುರದಲ್ಲಿ, ಕಳೆದ ಶತಮಾನದ ಮೊದಲ ದಶಕಗಳಲ್ಲಿ. ಅಖಾಡವೆಂದರೆ ಗಂಡಸರದೇ ಎಂದಿದ್ದ ಕಾಲ. ನಮ್ಮೂರ ಗರಡಿಮನೆಯನ್ನೇ ನೆನೆಸಿಕೊಳ್ಳಿ. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡಿ, ಹನುಮಂತನಿಗೆ ಕೈಮುಗಿದು ಇಳಿಯುತ್ತಿದ್ದರು. ನನ್ನ ಅಕ್ಕ ಒಮ್ಮೆ ಬಾಗಿಲಲ್ಲಿ ಇಣುಕಿದ್ದಕ್ಕೆ ಅಜ್ಜನಿಂದ ಬೈಸಿಕೊಂಡಿದ್ದಳು. ಮಿರ್ಜಾಪುರದಲ್ಲೂ ಪರಿಸ್ಥಿತಿ ಬೇರೆ ಇರಲಿಲ್ಲ. ಹಾಗಾಗಿ ಹಮೀದಾ ಊರು ಬಿಟ್ಟು ಅಲೀಗಢಕ್ಕೆ ಹೋಗಿ ಸಲಾಂ ಪೈಲ್ವಾನ್ ಎಂಬುವರ ಕೈಕೆಳಗೆ ಪಟ್ಟು ಕಲಿತಳು. ಮುಂದೆ ಪತ್ರಿಕೆಗಳು ಅವಳನ್ನು ಕರೆದದ್ದೇ 'ಅಲೀಗಢದ ಅಮೆಜಾನ್' ಎಂದು.

ಎತ್ತರ 5 ಅಡಿ 3 ಅಂಗುಲ, ತೂಕ 108 ಕಿಲೋ. ಅಂದಿನ ಪತ್ರಿಕೆಗಳಿಗೆ ಅವಳ ಕುಸ್ತಿಯಷ್ಟೇ ಅವಳ ಊಟವೂ ಸುದ್ದಿ. ದಿನಕ್ಕೆ ಐದೂವರೆ ಲೀಟರಿಗೂ ಹೆಚ್ಚು ಹಾಲು, ಸೂಪು, ಹಣ್ಣಿನ ರಸ, ಒಂದು ಕೋಳಿ, ಸುಮಾರು ಒಂದು ಕಿಲೋ ಕುರಿಮಾಂಸ, 450 ಗ್ರಾಂ ಬಾದಾಮಿ, ಅರ್ಧ ಕಿಲೋ ಬೆಣ್ಣೆ, ಆರು ಮೊಟ್ಟೆ, ಎರಡು ದೊಡ್ಡ ಬ್ರೆಡ್ಡು, ಎರಡು ತಟ್ಟೆ ಬಿರಿಯಾನಿ. ಒಂಬತ್ತು ಗಂಟೆ ನಿದ್ದೆ, ಆರು ಗಂಟೆ ತಾಲೀಮು. ಓದಿದ ನನ್ನ ಹೆಂಡತಿ, "ಇಷ್ಟನ್ನೆಲ್ಲ ಮಾಡಿ ಬಡಿಸಿದವರು ಯಾರು, ಅದನ್ನು ಬರೆದಿಲ್ಲವಲ್ಲ?" ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ...

1944ರಲ್ಲಿ ಮುಂಬಯಿಯಲ್ಲಿ ಅವಳಿಗೂ ಗೂಂಗಾ ಪೈಲ್ವಾನನಿಗೂ ಕುಸ್ತಿ ಎಂದಾಗ ಸೇರಿದ ಜನ ಸುಮಾರು 20 ಸಾವಿರ ಎಂದು 'ಬಾಂಬೆ ಕ್ರಾನಿಕಲ್' ವರದಿ ಮಾಡಿತ್ತು. ಆದರೆ ಕೊನೆ ಗಳಿಗೆಯಲ್ಲಿ ಗೂಂಗಾ ಹೆಚ್ಚು ಹಣ, ಹೆಚ್ಚು ಸಮಯ ಎಂದು ಪಟ್ಟು ಹಿಡಿದು ಪಂದ್ಯ ರದ್ದಾಯಿತು. ಸಿಟ್ಟಿಗೆದ್ದ ಜನ ಮೈದಾನದಲ್ಲಿ ಸಿಕ್ಕಿದ್ದನ್ನೆಲ್ಲ ಮುರಿದು ಹಾಕಿದರು.

ಅವಳ ಹೆಸರು ಮನೆಮಾತಾದದ್ದು 1954ರಲ್ಲಿ. ಆ ವರ್ಷ ಫೆಬ್ರವರಿಯಲ್ಲಿ ಅವಳು ಒಂದು ಸವಾಲು ಹಾಕಿದಳು: ನನ್ನನ್ನು ಚಿತ್ ಮಾಡಿದವನನ್ನು ಮದುವೆಯಾಗುತ್ತೇನೆ! ಪಟಿಯಾಲದ ಒಬ್ಬ, ಕಲ್ಕತ್ತೆಯ ಒಬ್ಬ, ಇಬ್ಬರೂ ಸೋತರು. ಮೇ ತಿಂಗಳಲ್ಲಿ ಬರೋಡಕ್ಕೆ ಬಂದಾಗ, ತಾನು 300ಕ್ಕೂ ಹೆಚ್ಚು ಕುಸ್ತಿ ಗೆದ್ದಿದ್ದೇನೆ ಎಂದು ಹೇಳಿಕೊಳ್ಳುತ್ತಿದ್ದಳು. ಅಲ್ಲಿ ಎದುರಾಗಬೇಕಿದ್ದವನು ಬರೋಡ ಮಹಾರಾಜರ ಆಶ್ರಯದಲ್ಲಿದ್ದ ಛೋಟೆ ಗಾಮಾ. ಅವನು ಕೊನೆಯಲ್ಲಿ ಹೆಂಗಸಿನ ಜೊತೆ ಸೆಣಸುವುದಿಲ್ಲ ಎಂದು ಹಿಂದೆ ಸರಿದ. ಬದಲಿಗೆ ಬಂದವನು ಬಾಬಾ ಪೈಲ್ವಾನ್. ಪಂದ್ಯ ನಡೆದದ್ದು 1 ನಿಮಿಷ 34 ಸೆಕೆಂಡು, ಅಷ್ಟೇ. ಬಾಬಾ ಅಂಗಾತ ಬಿದ್ದ!

ಗೆದ್ದಲ್ಲೆಲ್ಲ ಚಪ್ಪಾಳೆ ಸಿಕ್ಕಿತೇ? ಇಲ್ಲ. ಕೊಲ್ಲಾಪುರದಲ್ಲಿ ಶೋಭಾ ಸಿಂಗ್ ಪಂಜಾಬಿ ಎಂಬ ಪೈಲ್ವಾನನನ್ನು ಸೋಲಿಸಿದಾಗ ಜನ ಕೂಗಾಡಿ ಕಲ್ಲು ತೂರಿದರು, ಪೊಲೀಸರು ಬರಬೇಕಾಯಿತು. ನಮ್ಮ ಬೆಳಗಾವಿ, ಧಾರವಾಡದ ಪೈಲ್ವಾನರೆಲ್ಲ ಕಾಶಿಯೆಂದು ನಂಬಿದ್ದ ಊರು ಅದು! ರಾಮಚಂದ್ರ ಸಾಳುಂಕೆ ಜೊತೆಗಿನ ಪಂದ್ಯ ಸ್ಥಳೀಯ ಕುಸ್ತಿ ಸಂಘದ ವಿರೋಧದಿಂದ ನಿಂತೇ ಹೋಯಿತು. ಒಂದು ಕಡೆ ಇವಳ ಕುಸ್ತಿಯ ಜೊತೆಗೆ ಕುಂಟ-ಕುರುಡರ ಕುಸ್ತಿಯನ್ನೂ ತಮಾಷೆಗೆಂದು ಇಟ್ಟಿದ್ದರಂತೆ. ಅಂದರೆ ಇವಳನ್ನು ಯಾವ ಸಾಲಿನಲ್ಲಿ ಕೂರಿಸಿದ್ದರು ನೋಡಿ.

ಆಕೆ ಸುಮ್ಮನಿರಲಿಲ್ಲ. ಆಗ ಮುಂಬಯಿ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಮೊರಾರ್ಜಿ ದೇಸಾಯಿಯವರಿಗೇ ದೂರು ಕೊಟ್ಟಳು. ನಿಷೇಧ ಹೆಣ್ಣೆಂಬ ಕಾರಣಕ್ಕಲ್ಲ, ಆಯೋಜಕರು ಹಮೀದಾಳ ಎದುರು ನಕಲಿ ಪೈಲ್ವಾನರನ್ನು ಇಳಿಸುತ್ತಾರೆಂಬ ದೂರುಗಳಿವೆ ಎಂದು ದೇಸಾಯಿ ಉತ್ತರಿಸಿದರು. ಅವಳ ಪಂದ್ಯಗಳು ಮೊದಲೇ ಮಾತಾಡಿಕೊಂಡವು ಎಂಬ ಅನುಮಾನ ಅಂದೂ ಇತ್ತು. ಕೆಲವು ಹಾಗಿದ್ದಿರಲೂಬಹುದು, ದುಡ್ಡಿನ ಕುಸ್ತಿಯಲ್ಲಿ ಅದು ಗಂಡಸರಿಗೂ ಹೊಸದಲ್ಲ. ಆದರೆ ಗಂಡಸು ಗೆದ್ದರೆ ಕಸರತ್ತು, ಹೆಂಗಸು ಗೆದ್ದರೆ ಮೋಸ ಎನ್ನುವ ಲೆಕ್ಕ ಮಾತ್ರ ನನಗೆ ಅರ್ಥವಾಗುವುದಿಲ್ಲ.

ಅದೇ 1954ರಲ್ಲಿ ಮುಂಬಯಿಯಲ್ಲಿ ರಷ್ಯಾದ 'ಹೆಣ್ಣು ಕರಡಿ' ಎನಿಸಿಕೊಂಡ ವೆರಾ ಚಿಸ್ಟಿಲಿನ್‌ಳನ್ನು ಒಂದು ನಿಮಿಷದೊಳಗೆ ಸೋಲಿಸಿದಳು. ಯುರೋಪಿಗೆ ಹೋಗಿ ಸೆಣಸುತ್ತೇನೆ ಎಂದು ಸಾರಿದಳು. ಅಲ್ಲಿಂದಾಚೆಗೆ ಕುಸ್ತಿ ಸುದ್ದಿಯಿಂದ ಅವಳ ಹೆಸರೇ ಮಾಯ!

ಏನಾಯಿತು? ಸಲಾಂ ಪೈಲ್ವಾನರಿಗೆ ಅವಳು ಯುರೋಪಿಗೆ ಹೋಗುವುದು ಇಷ್ಟವಿರಲಿಲ್ಲ. ತಡೆಯಲು ಕೋಲಿನಿಂದ ಹೊಡೆದು ಕೈ ಮುರಿದರು ಎಂದು ಹಮೀದಾಳ ಮೊಮ್ಮಗ ಬಿಬಿಸಿಗೆ ಹೇಳಿದ್ದಾರೆ. ಕಾಲಿಗೂ ಪೆಟ್ಟಾಗಿ ವರ್ಷಗಟ್ಟಲೆ ಲಾಠಿ ಊರಿಕೊಂಡೇ ನಡೆದಳು ಎಂದು ಆಗಿನ ನೆರೆಯವರ ನೆನಪು. ಅಖಾಡದಲ್ಲಿ ಯಾವ ಗಂಡಸಿಗೂ ಬಗ್ಗದವಳು ಮನೆಯೊಳಗೆ ಮುರಿದು ಬಿದ್ದಳು. ಈ ಸಾಲನ್ನು ಓದಿ ನಾನು ಸ್ವಲ್ಪ ಹೊತ್ತು ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತೆ.

ಇಬ್ಬರಿಗೂ ಸೇರಿ ಹಾಲಿನ ವ್ಯಾಪಾರವಿತ್ತು, ಅಲೀಗಢ, ಮುಂಬಯಿ, ಕಲ್ಯಾಣ ಎಂದು ಓಡಾಡುತ್ತಿದ್ದರು. ಮುಂದೆ ಸಲಾಂ ಅಲೀಗಢಕ್ಕೆ ಮರಳಿದರು, ಹಮೀದಾ ಕಲ್ಯಾಣದಲ್ಲೇ ಉಳಿದಳು. ಹಾಲು ಮಾರಿದಳು, ಕಟ್ಟಡ ಬಾಡಿಗೆಗೆ ಕೊಟ್ಟಳು, ಕೈ ಬರಿದಾದಾಗ ರಸ್ತೆ ಬದಿ ಮನೆ ತಿಂಡಿ ಮಾರಿದಳು.

ಮಹಿಳಾ ಕುಸ್ತಿ ಒಲಿಂಪಿಕ್ಸ್ ಸೇರಿದ್ದು 2004ರಲ್ಲಿ. ಸಾಕ್ಷಿ ಮಲಿಕ್ ರಿಯೋದಲ್ಲಿ ಕಂಚು ತಂದದ್ದು 2016ರಲ್ಲಿ. ನಮ್ಮ ಮೈಸೂರು ದಸರಾದಲ್ಲೂ ಹುಡುಗಿಯರು ಅಖಾಡಕ್ಕಿಳಿದು 'ದಸರಾ ಕಿಶೋರಿ' ಬಿರುದಿಗೆ ಸೆಣಸುವುದನ್ನು ನೋಡಿದ್ದೇವೆ. ಹಾಗೆಯೇ 2023ರಲ್ಲಿ ಸಾಕ್ಷಿ, ವಿನೇಶ್ ಫೋಗಟ್ ನ್ಯಾಯಕ್ಕಾಗಿ ದಿಲ್ಲಿಯ ಜಂತರ್ ಮಂತರ್‌ನಲ್ಲಿ ಕೂತದ್ದನ್ನೂ ನೋಡಿದ್ದೇವೆ.

ನಾನು ಆ ಐದು ವರ್ಷ ಕಲ್ಯಾಣದ ರಸ್ತೆ ಬದಿಯಲ್ಲಿ ಎಷ್ಟೋ ಮುದುಕಿಯರ ಹತ್ತಿರ ತಿಂಡಿ ಕೊಂಡಿದ್ದೇನೆ. ಚಿಲ್ಲರೆಗಾಗಿ ಜಗಳವಾಡಿದ್ದೂ ಉಂಟು. ಅವರಲ್ಲಿ ಒಬ್ಬಳು ಅವಳಾಗಿದ್ದಳೋ ಇಲ್ಲವೋ, ಒಬ್ಬರ ಮುಖವೂ ನೆನಪಿಲ್ಲ. ಲೋಕಲ್ ತಪ್ಪೀತೆಂಬ ಗಡಿಬಿಡಿಯಲ್ಲಿ ನೋಡಿದ್ದಾದರೂ ಯಾವಾಗ?

ಆ ಕಾಲದಲ್ಲಿ ಕಲ್ಯಾಣ, ಉಲ್ಲಾಸನಗರದ ಕಡೆ ಇದ್ದ ಹಿರಿಯರು ನಿಮ್ಮಲ್ಲಿ ಯಾರಾದರೂ ಇದ್ದರೆ, ಲಾಠಿ ಊರಿಕೊಂಡು ನಡೆಯುತ್ತಿದ್ದ ಗಟ್ಟಿಮುಟ್ಟು ಹೆಂಗಸೊಬ್ಬಳ ನೆನಪಿದ್ದರೆ, ದಯವಿಟ್ಟು ನನಗೊಂದು ಮಾತು ತಿಳಿಸಿ.