ನಾಗರಖಂಡದ ಶಾಸನಗಳಲ್ಲಿ ಸೌಮ್ಯ ನಾಯಕತ್ವ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ವೀರಗಲ್ಲುಗಳು ಹೇರಳವಾಗಿವೆ. ತುರುಗಳನ್ನು ಮರಳಿಸಿ, ಊರಿಗಾಗಿ ಕಾದಿ ಮಡಿದವರ ಕೀರ್ತಿಯನ್ನು ಅವು ಸಾರುತ್ತವೆ. ಇದರಿಂದ, ಮುಂದಾಳುತನವೆಂದರೆ ಕತ್ತಿ ಹಿಡಿಯುವುದೇ ಎಂಬ ಭಾವನೆ ಮೂಡುವುದು ಸಹಜ. ಆದರೆ ಇತರರನ್ನು ಆಧರಿಸಿ, ಅವರ ಮನ್ನಣೆಯನ್ನು ಗಳಿಸಿ ನಡೆಸಿದವರ ಸಂಗತಿಯೂ ಇಲ್ಲಿಯ ಶಾಸನಗಳಲ್ಲಿಯೇ ಉಂಟು. ಅಂತಹ ಮೂರು ನಿದರ್ಶನಗಳನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ಮೊದಲನೆಯದು ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನ. ಇದು ರಾಷ್ಟ್ರಕೂಟರ ಕಾಲದ್ದು; ಕ್ರಿ. ಶ. ೧೦ನೆಯ ಶತಮಾನದ ಎರಡನೆಯ ದಶಕಕ್ಕೆ ಸೇರಿದುದು. ಬನವಾಸಿ ನಾಡಿನೊಳಗಿನ ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ತೀರಿಕೊಳ್ಳಲು, ಆ ಅಧಿಕಾರವು ಆತನ ಪತ್ನಿ ಜಕ್ಕಿಯಬ್ಬೆಗೆ ದೊರೆಯಿತು. ಶಾಸನವು ಆಕೆಯ ಧೈರ್ಯವನ್ನು ಹೊಗಳುವುದರೊಡನೆ ನಾಡನ್ನು ಚೆನ್ನಾಗಿ ಪಾಲಿಸುವ ಸಾಮರ್ಥ್ಯವನ್ನೂ ಕೊಂಡಾಡುತ್ತದೆ. ಇದಕ್ಕಿಂತಲೂ ಗಮನಾರ್ಹವಾದುದು ಆಕೆಯ ಕೊನೆಯ ನಡೆ. ವ್ಯಾಧಿಗ್ರಸ್ತಳಾದಾಗ ಆಕೆ ಮಗಳನ್ನು ಕರೆಯಿಸಿ, ತನ್ನ ಹೊಣೆಯನ್ನು ಅವಳಿಗೊಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ವ್ರತವನ್ನು ಕೈಕೊಂಡು ದೇಹತ್ಯಾಗ ಮಾಡಿದಳು. ಅಧಿಕಾರವನ್ನು ವಹಿಸುವುದರಷ್ಟೇ ಅದನ್ನು ಒಪ್ಪಿಸುವುದೂ ಸ್ಮರಣಯೋಗ್ಯವೆಂದು ಶಾಸನಕಾರನು ಭಾವಿಸಿದ್ದನೆಂಬುದು ಇದರಿಂದ ವಿದಿತವಾಗುತ್ತದೆ.

ಎರಡನೆಯದು ಸೊರಬ ತಾಲ್ಲೂಕಿನ ಕುಪ್ಪಟೂರಿನದು, ಎಂದರೆ ಇಂದಿನ ಕುಬಟೂರಿನದು. ೧೦೭೦ರ ದಶಕದಲ್ಲಿ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿಯು ಇಲ್ಲಿ ಪಾರ್ಶ್ವದೇವ ಚೈತ್ಯಾಲಯವನ್ನು ಪದ್ಮನಂದಿ ಸಿದ್ಧಾಂತದೇವರಿಂದ ಪ್ರತಿಷ್ಠೆ ಮಾಡಿಸಿದಳು. ಕುಪ್ಪಟೂರು ಬ್ರಾಹ್ಮಣರ ಅಗ್ರಹಾರ, ಬಸದಿಯಾದರೋ ಜೈನರದು. ರಾಣಿಯು ಅಗ್ರಹಾರದ ಮಹಾಜನರನ್ನು ಪೂಜಿಸಿ, ಅವರಿಂದಲೇ ಅದಕ್ಕೆ ಬ್ರಹ್ಮ ಜಿನಾಲಯವೆಂಬ ಹೆಸರನ್ನು ಇಡಿಸಿದಳು. ರಾಜಾಜ್ಞೆಯ ಬಲವಿದ್ದರೂ ಮನ್ನಣೆಯ ಮಾರ್ಗವನ್ನೇ ಹಿಡಿದ ಈಕೆಯ ವಿವೇಕವು ಆ ಹೆಸರಿನಲ್ಲಿಯೇ ಉಳಿದಿದೆ.

ಮೂರನೆಯದು ಬಳ್ಳಿಗಾವೆಯ ಕೋಡಿಯ ಮಠದ್ದು. ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಈ ಕಾಳಾಮುಖ ಮಠವನ್ನು ೧೧೬೨ರ ಶಾಸನವು ವಿಸ್ತಾರವಾಗಿ ವರ್ಣಿಸಿದೆ. ಅಲ್ಲಿ ವೇದ, ವ್ಯಾಕರಣ, ದರ್ಶನ, ಕಾವ್ಯ, ನಾಟಕಗಳ ಪಾಠ ನಡೆಯುತ್ತಿದ್ದಿತು. ದೀನರು, ಕುರುಡರು, ಕಿವುಡರು ಅನ್ನವನ್ನು ಪಡೆಯುತ್ತಿದ್ದರು. ರೋಗಿಗಳಿಗೆ ಚಿಕಿತ್ಸೆ ಲಭಿಸುತ್ತಿದ್ದಿತು. ಅನ್ಯಮತದ ಭಿಕ್ಷುಗಳಿಗೂ ಆಶ್ರಯವಿದ್ದಿತು. ನಾಡಿನ ಒಡೆತನವು ಚಾಲುಕ್ಯರಿಂದ ಕಳಚುರಿಗಳಿಗೂ, ಅನಂತರ ಹೊಯ್ಸಳರಿಗೂ ಸಂದಿತು. ಮೂರು ವಂಶದವರೂ ಮಠವನ್ನು ಗೌರವಿಸಿದರು.

ಶಾಸನಗಳ ಭಾಷೆ ಪ್ರಶಂಸೆಯ ಭಾಷೆ ಎಂಬುದನ್ನು ಮರೆಯಲಾಗದು. ಅವು ಹೇಳುವುದೆಲ್ಲವೂ ಹಾಗೆಯೇ ನಡೆದಿತ್ತೆನ್ನಲು ಬಾರದು. ಆದರೆ ಒಂದು ಸಮಾಜವು ಯಾವುದನ್ನು ಪ್ರಶಂಸಾರ್ಹವೆಂದು ಬಗೆದಿತ್ತು ಎಂಬುದಕ್ಕೆ ಅವು ನಂಬತಕ್ಕ ಸಾಕ್ಷಿಗಳು. ಗಾವುಂಡಿ, ರಾಣಿ, ಯತಿ ಈ ಮೂವರ ಸ್ಥಾನಗಳು ಬೇರೆ. ತಮ್ಮವರಿಗೆ ನೆರಳಾಗಿ ನಿಂತ ರೀತಿ ಒಂದೇ. ನಾಗರಖಂಡದ ಚರಿತ್ರೆಯನ್ನು ಬರೆಯುವವರು ವೀರಗಲ್ಲುಗಳ ಪಕ್ಕದಲ್ಲಿ ಈ ಶಾಸನಗಳನ್ನೂ ಇರಿಸಿಕೊಂಡು ಓದಬೇಕು. ಕಾದಿದವರಿಂದ ನಾಡು ಉಳಿಯಿತೆಂಬುದು ನಿಜ. ಉಳಿದ ನಾಡು ಬಾಳಿದುದು ಇಂಥವರಿಂದ.