ಬಳ್ಳ, ಸೇರು, ಕೊಸರು: ನಮ್ಮ ಸಂತೆಗಳ ಹಳೇ ಲೆಕ್ಕ

ಭಾಗ 1

ಕುರುಗೋಡು ಸಂತೆಯ ಫೋಟೋ ಸ್ಟೋರಿಗೆ ಹಾಕಿದ್ದೇ ತಡ, "ಒಗ್ಗರಣೆ-ಮಿರ್ಚಿ ಎಲ್ಲಿ ತಿಂದೆ?" ಅಂತ ಮೆಸೇಜ್ ಮೇಲೆ ಮೆಸೇಜ್. ಹೇಳ್ತೀನಿ, ತಡೀರಿ. ಮೊದಲು ಎರಡನೇ ಫೋಟೋ ನೋಡಿ. ಶೇಂಗಾ ರಾಶಿ ಮುಂದೆ ಕೂತಿರೋ ಅಜ್ಜಿ ಕೈಯಲ್ಲಿ ಒಂದು ಹಳೇ ಡಬ್ಬಿ ಇದೆಯಲ್ಲ, ಅಂಚು ಸವೆದು ಹೊಳೀತಿರೋದು, ಅದು ಸೇರು. ಪಕ್ಕದಲ್ಲೇ ಎಲೆಕ್ಟ್ರಾನಿಕ್ ತಕ್ಕಡಿ, ಮೇಲೆ ಟವೆಲ್ ಮುಚ್ಚಿದೆ. "ಇದ್ಯಾಕಜ್ಜಿ ಮುಚ್ಚಿಟ್ಟಿದೀ?" ಅಂದೆ. "ಹೊಸಬ್ರು ಬಂದ್ರ ತೆಗೀತೀನಿ. ನಮ್ಮ ಹಳೇ ಗಿರಾಕಿಗೆಲ್ಲ ಸೇರೇ" ಅಂದ್ಳು.

ನಾನು ಮೂರು ಸೇರು ಕೇಳಿದೆ. ಅಳೆಯೋಕೆ ಶುರು ಮಾಡಿದ್ಳು: "ಲಾಭ... ಎರಡು... ಮೂರು." ಒಂದು ಅನ್ನಲಿಲ್ಲ. ಕಾಳು ಅಳೆಯುವಾಗ ಮೊದಲನೇ ಸೇರಿಗೆ "ಲಾಭ" ಅನ್ನೋದು ನಮ್ಮ ಕಡೆ ಹಳೇ ರೂಢಿ. ನಾವು ಬಿಕಾಂನೋರು ವರ್ಷಪೂರ್ತಿ ಲೆಡ್ಜರ್ ಬರೆದು, ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದೆ ಒದ್ದಾಡಿ, ಕೊನೇ ಸಾಲಲ್ಲಿ ಲಾಭ ಹುಡುಕ್ತೀವಿ. ಅಜ್ಜಿ ಮೊದಲನೇ ಸೇರಲ್ಲೇ ಕೂಗಿಬಿಟ್ಳು.

ಮೂರಾದ ಮೇಲೆ ಇನ್ನೊಂದು ಬೊಗಸೆ ಚೀಲಕ್ಕೆ ಸುರಿದ್ಳು. ಅದಕ್ಕೆ ದುಡ್ಡಿಲ್ಲ. ಅದು ಕೊಸರು.

ಮನೆಗೆ ಬಂದ ಮೇಲೆ ತಲೇಲಿ ಇದೇ ಓಡ್ತಾ ಇತ್ತು. ಸಂತೆಯಲ್ಲಿ ಅಳತೆ ಯಾರ ಕೈಯಲ್ಲಿರುತ್ತೆ? ಹಿಂದೆ ಯಾರ ಕೈಯಲ್ಲಿತ್ತು? ಹುಡುಕ್ತಾ ಹೋದೆ, ಈ ಸರಣಿ ಆಯ್ತು.

ಭಾಗ 2

ನಮ್ಮ ಊರ ಹೆಸರಿನ ಒಳಗೇ ಒಂದು ಅಳತೆ ಪಾತ್ರೆ ಕೂತಿದೆ ಅಂತ ನಿಮಗೆ ಗೊತ್ತಾ? ಬಳ್ಳಾರಿ ಅನ್ನೋ ಹೆಸರಿಗೆ ಎರಡು-ಮೂರು ಕಥೆಗಳಿವೆ. ಅದರಲ್ಲಿ ನನಗೆ ಇಷ್ಟವಾದದ್ದು ಬಳ್ಳದ ಕಥೆ. ಬಳ್ಳ ಅಂದ್ರೆ ಕಾಳು ಅಳೆಯುವ ಪಾತ್ರೆ. ದಾರಿ ಮೇಲೆ ಹೊರಟಿದ್ದ ವ್ಯಾಪಾರಿಗಳು ಇಲ್ಲಿ ಬೀಡುಬಿಟ್ಟರಂತೆ. ಪೂಜೆ ಮಾಡೋಣ ಅಂದ್ರೆ ಲಿಂಗ ಇಲ್ಲ. ಕೊನೆಗೆ ಕೈಯಲ್ಲಿದ್ದ ಬಳ್ಳವನ್ನೇ ಬೋರಲು ಹಾಕಿ, ಅದನ್ನೇ ಲಿಂಗ ಅಂದ್ಕೊಂಡು ಪೂಜೆ ಮಾಡಿದ್ರಂತೆ. ಅದರಿಂದ ಬಳ್ಳಾರಿ. ಪರೀಕ್ಷೇಲಿ ಇದನ್ನ ಇತಿಹಾಸ ಅಂತ ಬರೀಬೇಡಿ, ಐತಿಹ್ಯ ಅಷ್ಟೇ. ಆದ್ರೂ ಅಳತೆ ಪಾತ್ರೆಯನ್ನೇ ದೇವರು ಮಾಡಿದ ಕಥೆ ವ್ಯಾಪಾರಿಗಳ ಊರಿಗಲ್ಲದೆ ಬೇರೆ ಯಾವ ಊರಿಗೆ ಹುಟ್ಟುತ್ತೆ ಹೇಳಿ.

ಇನ್ನೂ ಹಿಂದಕ್ಕೆ ಹೋದ್ರೆ ಸಂಗನಕಲ್ಲು ಇದೆ, ನಮ್ಮ ಸಿಟಿ ಬಗಲಲ್ಲೇ. ಅಲ್ಲಿಯ ಹಿರೇಗುಡ್ಡದಲ್ಲಿ ಸುಮಾರು ಮೂರೂವರೆ-ನಾಲ್ಕು ಸಾವಿರ ವರ್ಷದ ಹಿಂದೆ ಕಪ್ಪು ಡಾಲರೈಟ್ ಕಲ್ಲಿನಿಂದ ಕೊಡಲಿ ಮಾಡ್ತಿದ್ರು. ಗುಡ್ಡದ ಮೇಲೆ ಅರ್ಧ ಮಾಡಿಬಿಟ್ಟ ಕೊಡಲಿ, ಚಕ್ಕೆಗಳ ರಾಶಿ ಸಿಕ್ಕಿದೆ. ಒಂದೂರಿನವರ ಬಳಕೆಗೆ ಇಷ್ಟೊಂದು ಬೇಕಿರಲಿಲ್ಲ, ಸುತ್ತಲಿನವರಿಗೂ ಹೋಗ್ತಿತ್ತು ಅಂತ ಸಂಶೋಧಕರ ಲೆಕ್ಕ. ಅಂದ್ರೆ ನಮ್ಮ ಕಡೆ ಕೈಕಸುಬಿನ ಮಾಲು ಊರು ದಾಟಿ ಹೋಗಿದ್ದು ದುಡ್ಡು ಅನ್ನೋದು ಹುಟ್ಟೋಕೂ ಮುಂಚೆ. ಬ್ರೂಸ್ ಫುಟ್ ಹೆಸರಿನ ಮ್ಯೂಸಿಯಂ ಸಿಟಿಯಲ್ಲೇ ಇದೆ, ನಮ್ಮ ಕ್ಲಾಸಲ್ಲಿ ಎಷ್ಟು ಜನ ಹೋಗಿದೀರಿ? (ನಾನೂ ಈ ವರ್ಷವೇ ಹೋಗಿದ್ದು.)

ಭಾಗ 3

ಕುರುಗೋಡು ಈಗ ತಾಲ್ಲೂಕು ಆಗಿದ್ದಕ್ಕೆ ಎಲ್ಲರೂ ಖುಷಿಪಟ್ರು. 12ನೇ ಶತಮಾನದಲ್ಲಿ ಅದು ಸಿಂದರ ಆಳ್ವಿಕೆಯ ಕೇಂದ್ರ! ದೊಡ್ಡಬಸವೇಶ್ವರನ ಗುಡಿಗೆ ಹೋದವರಿಗೆ ಆ ಏಕಶಿಲಾ ಬಸವಣ್ಣನ ಗಾತ್ರ ಗೊತ್ತು. ಅದೇ ಕಾಲದ ಕನ್ನಡ ಶಾಸನಗಳನ್ನ ಓದಿದ್ರೆ ಸಂತೆಯ ಲೆಕ್ಕ ಕಣ್ಣಿಗೆ ಕಟ್ಟುತ್ತೆ: ಗಾಣಕ್ಕೆ ಇಷ್ಟು ಸೊಲಗೆ ಎಣ್ಣೆ, ಹೇರಿಗೆ ಇಷ್ಟು ವೀಳ್ಯದೆಲೆ, ಕಾಳಿಗೆ ಇಷ್ಟು ಮಾನ. ಇದೆಲ್ಲ ಸುಂಕ. ಎಷ್ಟೋ ಸಲ ಅದನ್ನ ಗುಡಿಯ ದೀಪಕ್ಕೆ, ನೈವೇದ್ಯಕ್ಕೆ ಬಿಟ್ಟುಕೊಡ್ತಿದ್ರು. ಅಯ್ಯಾವೊಳೆ ಐನೂರ್ವರು ಅನ್ನೋ ದೊಡ್ಡ ವರ್ತಕರ ಸಂಘ ಇತ್ತು, ಅವರೇ ಸೇರಿ ಇಂಥ ದತ್ತಿ ಕೊಟ್ಟ ಶಾಸನಗಳೂ ಇವೆ. ಆದ್ರೆ ಗಾಣದವನು, ಎಲೆ ಹೊತ್ತು ತಂದವನು ಏನಂದ ಅಂತ ಯಾವ ಕಲ್ಲಲ್ಲೂ ಕೆತ್ತಿಲ್ಲ.

ಈಗಲೂ ಸಂತೆ ಕರ ವಸೂಲಿ ಹರಾಜಾಗುತ್ತೆ. ಹರಾಜು ಹಿಡಿದವರು ಚೀಟಿ ಹರಿದು ಕೊಡ್ತಾರೆ. ಶೇಂಗಾ ಅಜ್ಜಿಯ ಸೊಂಟದ ಚೀಲದಲ್ಲೂ ಒಂದು ಚೀಟಿ ಇತ್ತು.

ಭಾಗ 4 (ಇದು ಊಟದ ಭಾಗ, ನೀವು ಕಾಯ್ತಿದ್ದದ್ದು)

ಮಿರ್ಚಿ ಬಂಡಿ ಸಂತೆ ಒಳಗೇ ಇದೆ, ಬಳೆ ಸಾಲು ಮುಗಿಯೋ ಕಡೆ. ಪೇಪರ್ ಮೇಲೆ ಮಂಡಕ್ಕಿ ಒಗ್ಗರಣೆ, ಅದರ ಮೇಲೆ ಪುಟಾಣಿ ಪುಡಿ, ಪಕ್ಕಕ್ಕೆ ಎರಡು ಮಿರ್ಚಿ. ಮಂಡಕ್ಕಿ ಇವತ್ತಿಗೂ ಸೇರಿನ ಲೆಕ್ಕದಲ್ಲೇ ಜಾಸ್ತಿ ಹೋಗೋದು. ತೂಕಕ್ಕೆ ಹಾಕಿದ್ರೆ ಗಾಳಿ ತೂಗಿದ ಹಾಗೆ.

ಈಗ ಒಂದು ಪ್ರಶ್ನೆ. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ 1520ರ ಸುಮಾರಿಗೆ ಹಂಪಿಗೆ ಬಂದಾಗ ಇದನ್ನ ತಿಂದಿದ್ನಾ? ಸಂತೆ ಅಂತೂ ನೋಡಿದ್ದ. ಶುಕ್ರವಾರದ ಸಂತೆಯಲ್ಲಿ ಕೋಳಿ, ಹಂದಿ, ಸಮುದ್ರದ ಒಣಮೀನು ಮಾರ್ತಿದ್ರು ಅಂತ ಬರೆದಿದ್ದಾನೆ. ಆದ್ರೆ ಮೆಣಸಿನಕಾಯಿ, ಶೇಂಗಾ ಎರಡೂ ಅಮೆರಿಕ ಖಂಡದಿಂದ ಬಂದ ಬೆಳೆ. ಮೆಣಸಿನಕಾಯಿಯನ್ನ ಭಾರತಕ್ಕೆ ತಂದವರು ಪೋರ್ಚುಗೀಸರೇ, ಅದೂ ಆ ಶತಮಾನದಲ್ಲೇ. ನಮ್ಮ ಊರುಗಳವರೆಗೆ ಬಂದು, ಬೆಳೆದು, ಬಂಡಿಗೆ ಏರೋಕೆ ಇನ್ನೂ ಕಾಲ ಬೇಕಿತ್ತು. ಹಾಗಾಗಿ ಕೃಷ್ಣದೇವರಾಯನಿಗೂ ಮಿರ್ಚಿ ಇಲ್ಲ, ಶೇಂಗಾ ಚಟ್ನಿ ಇಲ್ಲ. ಪಾಪ.

ಅನ್ನ ಮಾತ್ರ ಇತ್ತು. ಸಿರುಗುಪ್ಪದ ಗದ್ದೆ ಟಿಬಿ ಡ್ಯಾಂನಿಂದ ಶುರು ಅಂತ ನಾನೂ ಅಂದ್ಕೊಂಡಿದ್ದೆ. ಡ್ಯಾಂ ನೀರು ಬಿಟ್ಟಿದ್ದು 1953ರಲ್ಲಿ. ಆದ್ರೆ ಸಿರುಗುಪ್ಪ, ದೇಶನೂರು ಕಾಲುವೆಗಳು ವಿಜಯನಗರ ಕಾಲದವು. ಡ್ಯಾಂ ಬಂದು ಗದ್ದೆ ಹರಡಿತು, ಅಷ್ಟೇ. ನೀರು ಹತ್ತದ ಊರುಗಳಲ್ಲಿ ಜೋಳ, ಹತ್ತಿ. ಸಂತೇಲಿ ಅಕ್ಕಿ ಚೀಲದ ಪಕ್ಕ ಖಡಕ್ ರೊಟ್ಟಿ ಕಟ್ಟು ಕೂತಿರೋದು ಸುಮ್ಮನೆ ಅಲ್ಲ.

ಭಾಗ 5

ಈ ಭಾಗಕ್ಕೆ ಫೋಟೋ ಇಲ್ಲ. ಹಾಕೋ ಮನಸ್ಸಾಗಲಿಲ್ಲ.

1876ರಿಂದ 78. ಹಳಬರು ಧಾತು ವರ್ಷದ ಬರ ಅಂತಾರೆ. ಮದ್ರಾಸ್ ಪ್ರಾಂತ್ಯದಲ್ಲಿ ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಬಳ್ಳಾರಿಗೆ ಆಗಲೇ ರೈಲು ಬಂದಿತ್ತು, ರೈಲಲ್ಲಿ ಕಾಳೂ ಬರ್ತಿತ್ತು. ಬೆಲೆ ಮಾತ್ರ ಕೂಲಿಯವನ ಕೈಗೆ ಎಟುಕಲಿಲ್ಲ. ಕಾಳಿನ ವ್ಯಾಪಾರದಲ್ಲಿ ಸರ್ಕಾರ ಕೈ ಹಾಕಬಾರದು ಅನ್ನೋದು ಅವತ್ತಿನ ನೀತಿ. ನಮ್ಮ ಎಕನಾಮಿಕ್ಸ್ ಪುಸ್ತಕದಲ್ಲಿ ಇದಕ್ಕೆ ಚಂದದ ಹೆಸರಿದೆ: ಮುಕ್ತ ಮಾರುಕಟ್ಟೆ.

ಬರ ಪರಿಹಾರದ ಕಾಮಗಾರಿಯಲ್ಲಿ ಕಲ್ಲು ಒಡೆಯೋರಿಗೆ ಎಷ್ಟು ಕೊಡಬೇಕು ಅಂತ ನಿಗದಿ ಮಾಡೋಕೆ 1877ರ ಆರಂಭದಲ್ಲಿ ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿ ಬಂದ. ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಕಾಳು, ಮೇಲೆ ಒಂದಿಷ್ಟು ಚಿಲ್ಲರೆ ಕಾಸು. ಒಂದು ಪೌಂಡ್ ಅಂದ್ರೆ ಸುಮಾರು 450 ಗ್ರಾಂ. ಇಷ್ಟರಲ್ಲಿ ದುಡಿಯೋ ಜೀವ ಉಳಿಯಲ್ಲ ಅಂತ ಮದ್ರಾಸಿನ ಸ್ಯಾನಿಟರಿ ಕಮಿಷನರ್ ಕಾರ್ನಿಷ್ ಜಗಳ ತೆಗೆದ. ಕೆಲ ತಿಂಗಳಾದ ಮೇಲೆ ಅಳತೆ ಹೆಚ್ಚಿಸಿದ್ರು. ಅಷ್ಟರಲ್ಲಿ ಸತ್ತವರು ಸತ್ತಿದ್ರು.

ನಾನು ಮನೇಲಿ ಅಡುಗೆ ಮನೆ ತಕ್ಕಡಿ ಮೇಲೆ 450 ಗ್ರಾಂ ಜೋಳ ಹಾಕಿ ನೋಡಿದೆ. ನೀವೂ ಒಂದ್ಸಲ ಹಾಕಿ ನೋಡಿ. ಅಲ್ಲಿ ಯಾರೂ ಕೊಸರು ಹಾಕಿಲ್ಲ.

ಭಾಗ 6

ಕಸೂತಿ ಚೀಲದ ಫೋಟೋಗೆ ಎಲ್ಲರೂ ಹಾರ್ಟ್ ಒತ್ತಿದೀರಿ. ಕನ್ನಡಿ, ಕವಡೆ, ಕೆಂಪು-ನೀಲಿ ದಾರ, ಲಂಬಾಣಿ ಕೆಲಸ. ಪಕ್ಕದ ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಟ್ಯಾಗ್ ಇದೆ. 2023ರಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಮಾಡಿದ 1,755 ಕಸೂತಿಗಳನ್ನ ಪ್ರದರ್ಶನಕ್ಕಿಟ್ಟು ಗಿನ್ನೆಸ್ ದಾಖಲೆ ಆಯ್ತು. ಇದು ರೀಲ್ಸ್‌ನಲ್ಲಿ ಬಂದಿತ್ತು. ಬಾರದಿದ್ದದ್ದು ಇದು: ಇವರ ಹಿರಿಯರು ಸಂತೆಗೆ ಚೀಲ ತಂದು ಮಾರ್ತಿದ್ದವರಲ್ಲ, ಸಂತೆಯನ್ನೇ ಹೊತ್ತು ತರ್ತಿದ್ದವರು. ನೂರಾರು ಎತ್ತಿನ ಬೆನ್ನ ಮೇಲೆ ಉಪ್ಪು, ಕಾಳು ಹೇರಿಕೊಂಡು ಊರಿಂದೂರಿಗೆ, ದಂಡು ಹೋದಲ್ಲಿಗೆ. ರೈಲು ಬಂತು, ಎತ್ತಿನ ಹೇರು ನಿಂತಿತು. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟು ಕಾಯ್ದೆ ತಂದ್ರು. ಅಲೆದಾಡೋ ಎಷ್ಟೋ ಸಮುದಾಯಗಳು ಆ ಪಟ್ಟಿಗೆ ಬಿದ್ದವು, ಹಲವು ಕಡೆ ಲಂಬಾಣಿಗರೂ.

ಆ ಚೀಲಕ್ಕೆ ಅಕ್ಕ 600 ಹೇಳಿದ್ರು. ನಾನು 400ಕ್ಕೆ ಕೇಳಿ, 450ಕ್ಕೆ ತಗೊಂಡು, ಸ್ಟೋರೀಲಿ "ಸೂಪರ್ ಡೀಲ್" ಅಂತ ಹಾಕಿದ್ದೆ. ನೋಡಿದವರಿಗೆ ನೆನಪಿರಬಹುದು. ಆಮೇಲೆ ಕಾಸ್ಟಿಂಗ್ ನೋಟ್ಸ್ ತೆಗೆದು ಲೆಕ್ಕ ಹಾಕಿದೆ. ಬಟ್ಟೆ, ದಾರ, ಕನ್ನಡಿ, ಬಸ್ ಚಾರ್ಜು, ಸಂತೆ ಚೀಟಿ. ಅಕ್ಕ ಹೇಳಿದ ಹಾಗೆ ನಾಲ್ಕು ದಿನದ ಕೆಲಸ. ಕೂಲಿ ಕಾಲಂಗೆ ಬಂದಾಗ ಬರೆಯೋಕೆ ಏನೂ ಉಳೀಲಿಲ್ಲ ಅನ್ನೋಷ್ಟು ಕಡಿಮೆ. ಆ ಸ್ಟೋರಿ ಡಿಲೀಟ್ ಮಾಡಿದೀನಿ. ಮುಂದಿನ ವಾರ ಹೋದ್ರೆ ಅಕ್ಕ ಸಿಗ್ತಾರಾ, ನೋಡ್ಬೇಕು.

ಭಾಗ 7

ಸೇರಿನ ಕಥೆಗೆ ವಾಪಸ್. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಸಂತೆಗೆ ಬರೋರು ಮಾತ್ರ ಗಡಿ ನೋಡಲಿಲ್ಲ. ಈಗಲೂ ಸಿರುಗುಪ್ಪ ಕಡೆ ಚೌಕಾಸಿ ಕನ್ನಡದಲ್ಲಿ ಶುರುವಾಗಿ ತೆಲುಗಲ್ಲಿ ಮುಗಿಯುತ್ತೆ. 1956ರಲ್ಲಿ ತೂಕ-ಅಳತೆ ಕಾಯ್ದೆ, 1957ರ ಏಪ್ರಿಲ್ 1ಕ್ಕೆ ನಯಾಪೈಸೆ, ಮುಂದಿನ ಕೆಲವೇ ವರ್ಷಗಳಲ್ಲಿ ಕಿಲೋ, ಲೀಟರ್ ಕಡ್ಡಾಯ. ಇದು ಒಳ್ಳೇದೇ ಆಯ್ತು. ಕೊಳ್ಳುವಾಗ ಒಂದು ಸೇರು, ಮಾರುವಾಗ ಇನ್ನೊಂದು ಸೇರು ಇಟ್ಟುಕೊಂಡು ರೈತರಿಗೆ ಮೋಸ ಮಾಡೋದು ಗಾದೆಯಾಗುವಷ್ಟು ಹಳೇದು. ಅಜ್ಜಿಯ ಬೊಗಸೆ ನೋಡಿ ಹಳೇದೆಲ್ಲ ಚಿನ್ನ ಅಂತ ನಾನು ಹೇಳ್ತಿಲ್ಲ.

ಹೂವು ಮಾತ್ರ ಕಾಯ್ದೆಗೆ ಸಿಗಲೇ ಇಲ್ಲ. ಇನ್ನೂ ಮೊಳ, ಮಾರು. ಉದ್ದ ಕೈಯವರ ಹತ್ರ ತಗೊಳ್ಳಿ.

ನಿಮ್ಮ ಮನೆ ಅಟ್ಟದಲ್ಲಿ ಹಳೇ ಸೇರು, ಅಚ್ಚೇರು, ಪಾವು, ಚಟಾಕು ಏನಾದ್ರೂ ಇದ್ರೆ ಫೋಟೋ ತೆಗೆದು ಕಳಿಸಿ. ಅದರ ಮೇಲೆ ಮುದ್ರೆ ಇದ್ರೆ ಹತ್ತಿರದಿಂದ ತೆಗೀರಿ. ಮುಂದಿನ ಸರಣಿ ಸಿರುಗುಪ್ಪ ಸಂತೆ. ಯಾರ್ ಯಾರ್ ಬರ್ತೀರಿ? ಬಸ್ ಚಾರ್ಜು ನಿಮ್ದೇ, ಮಿರ್ಚಿ ನಂದು.