ಹುಳುಕಡ್ಡಿ ಮೊಂಡಾಗಿದ್ದು ಹೇಗೆ?

ಹುಳುಕಡ್ಡಿಯಲ್ಲಿ ಹುಳು ಇರುವುದಿಲ್ಲ. ರೊಟ್ಟಿ ಮೇಲೆ ಬೂಷ್ಟು ಬರುತ್ತದಲ್ಲ, ಅದೇ ಜಾತಿಯ ಶಿಲೀಂಧ್ರ ಚರ್ಮದ ಮೇಲೆ ಬೆಳೆಯುತ್ತದೆ. ಮೊದಲು ಕೆಲವು ವಾರ ಮುಲಾಮು ಹಚ್ಚಿದರೆ ಹೋಗುತ್ತಿತ್ತು. ಈಗ ತಿಂಗಳುಗಟ್ಟಲೆ ಮಾತ್ರೆ ನುಂಗಿದರೂ ಮರಳಿ ಬರುತ್ತಿದೆ ಎನ್ನುವವರು ಊರೂರಲ್ಲಿ ಸಿಗುತ್ತಾರೆ.

ನೂರು ವರ್ಷದ ಹಿಂದೆ ಇದಕ್ಕೆ ಒಳ್ಳೆಯ ಮಾತ್ರೆಯೇ ಇರಲಿಲ್ಲ. ಮಕ್ಕಳ ತಲೆಗೆ ಹುಳುಕಡ್ಡಿಯಾದರೆ ಯುರೋಪಿನ ವೈದ್ಯರು ಎಕ್ಸ್‌ರೇ ಹಾಯಿಸಿ ಕೂದಲು ಉದುರಿಸುತ್ತಿದ್ದರು! 1939ರಲ್ಲಿ ಲಂಡನ್ನಿನ ಹೆರಾಲ್ಡ್ ರೈಸ್ಟ್ರಿಕ್ ತಂಡ ಬೂಷ್ಟಿನಿಂದಲೇ ಗ್ರಿಸಿಯೋಫಲ್ವಿನ್ ಎಂಬ ವಸ್ತು ತೆಗೆಯಿತು. ಅದನ್ನು ನುಂಗಿಸಿದರೆ ಹುಳುಕಡ್ಡಿ ವಾಸಿಯಾಗುತ್ತದೆ ಎಂದು ಗೊತ್ತಾಗಿದ್ದು 1958ರಲ್ಲಿ, ಗಿನಿಯಿಲಿಗಳ ಮೇಲೆ ಪ್ರಯೋಗ ಮಾಡಿದಾಗ. 1990ರ ದಶಕದಲ್ಲಿ ಟರ್ಬಿನಾಫಿನ್ ಬಂತು. ಶಿಲೀಂಧ್ರ ತನ್ನ ಜೀವಕೋಶದ ಪೊರೆ ಕಟ್ಟಿಕೊಳ್ಳಲು ಬೇಕಾದ ಒಂದು ಕಿಣ್ವವನ್ನೇ ಈ ಔಷಧಿ ತಡೆಯುತ್ತದೆ. ಬಹಳ ವರ್ಷ ಚೆನ್ನಾಗಿ ಕೆಲಸ ಮಾಡಿತು.

ಇದೇ ಹೊತ್ತಿಗೆ ನಮ್ಮ ಅಂಗಡಿಗಳಿಗೆ ಇನ್ನೊಂದು ಸರಕು ಬಂತು: ಸ್ಟಿರಾಯ್ಡ್ ಬೆರೆಸಿದ ಕ್ರೀಮು. ಶಿಲೀಂಧ್ರದ ಔಷಧಿ, ಬ್ಯಾಕ್ಟೀರಿಯಾದ ಔಷಧಿ, ಜೊತೆಗೆ ಸ್ಟಿರಾಯ್ಡ್, ಎಲ್ಲ ಒಂದೇ ಟ್ಯೂಬಿನಲ್ಲಿ. ಹಚ್ಚಿದ ಎರಡೇ ದಿನಕ್ಕೆ ತುರಿಕೆ ಮಾಯ. ಯಾರಿಗೆ ಬೇಡ ಹೇಳಿ? ಆದರೆ ಸ್ಟಿರಾಯ್ಡ್ ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಅದು ಚರ್ಮದ ಕಾವಲನ್ನು ಮಲಗಿಸುತ್ತದೆ. ಕೆಂಪು ಕಡಿಮೆಯಾಯಿತೆಂದು ನಾವು ಟ್ಯೂಬು ಎತ್ತಿಡುತ್ತೇವೆ, ಅರೆಬರೆ ಔಷಧಿ ತಿಂದ ಶಿಲೀಂಧ್ರ ಒಳಗೇ ಹರಡುತ್ತದೆ. ಔಷಧಿಗೆ ಬಗ್ಗದ ಶಿಲೀಂಧ್ರ ಉಳಿದು ಬೆಳೆಯುತ್ತದೆ, ಟವೆಲ್ಲು ಹಾಸಿಗೆ ಮೂಲಕ ಮನೆಮಂದಿಗೆಲ್ಲ ಅಂಟುತ್ತದೆ. ಮೇಲೆ ಹೇಳಿದ ಕಿಣ್ವದಲ್ಲಿ ಒಂದೇ ಒಂದು ಕೊಂಡಿ ಬದಲಾದರೂ ಸಾಕು, ಟರ್ಬಿನಾಫಿನ್‌ಗೆ ಹಿಡಿತ ತಪ್ಪುತ್ತದೆ.

ಭಾರತ ಮತ್ತು ನೇಪಾಳದ ರೋಗಿಗಳಿಂದ ಸಿಕ್ಕ ಇಂಥ ತಳಿಗೆ 2020ರಲ್ಲಿ ಜಪಾನಿನ ವಿಜ್ಞಾನಿಗಳು ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. ದೇಶದ ಹೆಸರು ರೋಗಕ್ಕೆ ಅಂಟಿದ್ದು ನಮಗೇನೂ ಖುಷಿಯ ವಿಷಯವಲ್ಲ. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ಮಹಿಳೆಯರಲ್ಲಿ ಇದು ಪತ್ತೆಯಾಯಿತು. ಅವರಲ್ಲಿ ಒಬ್ಬರು ಇತ್ತೀಚೆಗೆ ಹೊರದೇಶಕ್ಕೇ ಹೋಗಿರಲಿಲ್ಲ.

2018ರಲ್ಲೇ ಕೇಂದ್ರ ಸರ್ಕಾರ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ಆದೇಶ ಮಾಡಿತು. ನಿಮ್ಮ ಮನೆಯ ಟ್ಯೂಬನ್ನೊಮ್ಮೆ ತಿರುಗಿಸಿ ನೋಡಿ. ಸಣ್ಣಕ್ಷರದಲ್ಲಿ ಬೀಟಾಮೆಥಾಸೋನ್ ಅಥವಾ ಕ್ಲೊಬೆಟಾಸಾಲ್ ಎಂದಿದ್ದರೆ ಅದೇ ಸ್ಟಿರಾಯ್ಡ್. ಅದನ್ನು ಹುಳುಕಡ್ಡಿಗೆ ಹಚ್ಚುತ್ತಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ, ಟ್ಯೂಬನ್ನೂ ಜೊತೆಗೆ ಒಯ್ಯಿರಿ.